ನಾಲ್ಕನೇ ವಿಭಾಗ

ಆಸ್ಟ್ರೇಲಿಯಾದಲ್ಲಿ ಫಾರ್ಮಸಿಸ್ಟ್ ಆಗಬೇಕೆಂದು ಬಂದ ಪ್ರತಿಯೊಬ್ಬರೂ ಇಳಿಸಿಕೊಂಡು ಇಟ್ಟುಕೊಳ್ಳುವ ಒಂದು ಪಿಡಿಎಫ್ ಇದೆ. 2016ರಲ್ಲಿ ಹೊರಬಂದ, ಫಾರ್ಮಸಿಸ್ಟರ ಸಾಮರ್ಥ್ಯವನ್ನು ಅಳೆಯುವ ರಾಷ್ಟ್ರೀಯ ಮಾನದಂಡಗಳ ಚೌಕಟ್ಟು ಅದು. ವೃತ್ತಿಧರ್ಮ, ಸಂವಹನ, ಔಷಧ ನಿರ್ವಹಣೆ ಮತ್ತು ರೋಗಿಯ ಆರೈಕೆ, ನಾಯಕತ್ವ, ಶಿಕ್ಷಣ ಮತ್ತು ಸಂಶೋಧನೆ ಎಂದು ಐದು ವಿಭಾಗ. ಮೂರನೆಯದನ್ನು ಎಲ್ಲರೂ ಓದುತ್ತಾರೆ, ಪರೀಕ್ಷೆಗೆ ಬೇಕು. ನಾಲ್ಕನೆಯದಾದ ನಾಯಕತ್ವವನ್ನು ಬಡ್ತಿಯ ಅರ್ಜಿ ಹಾಕುವ ಹಿಂದಿನ ರಾತ್ರಿ ತೆರೆಯುತ್ತಾರೆ. ನಾನೂ ಹಾಗೇ ಮಾಡಿದವಳು.

ಸಾವಕಾಶವಾಗಿ ಓದಿದರೆ ಈ ವಿಭಾಗ ಕೆಟ್ಟ ಬರಹವಲ್ಲ. ಇದರ ಮೊದಲ ಮಾನದಂಡ ತನ್ನನ್ನು ತಾನು ಮುನ್ನಡೆಸಿಕೊಳ್ಳುವುದು. ಸಿಟ್ಟು ಬಂದಾಗ ಅದನ್ನು ಗುರುತಿಸುವುದು, ತಪ್ಪಿದಾಗ ತಿರುಗಿ ನೋಡಿಕೊಳ್ಳುವುದು ಎಲ್ಲ ಅಲ್ಲಿ ಬರುತ್ತದೆ. ಬಜೆಟ್ಟು, ಸಿಬ್ಬಂದಿ, ಆಡಳಿತದ ಮಾತು ಬರುವುದು ಆಮೇಲೆ. ಅಂದರೆ ನಾಯಕತ್ವಕ್ಕೆ ಕುರ್ಚಿ ಬೇಕಿಲ್ಲ, ಕೆಲಸಕ್ಕೆ ಸೇರಿದ ದಿನವೇ ಅದು ಶುರು ಎಂದು ಈ ದಸ್ತಾವೇಜು ಒಪ್ಪಿಕೊಂಡಿದೆ. ನಮ್ಮ ಊರಿನ ಆಸ್ಪತ್ರೆಗಳಲ್ಲಿ ಚೀಫ್ ಫಾರ್ಮಸಿಸ್ಟ್ ಎಂದರೆ ಸ್ಟೋರಿನ ಬೀಗದ ಕೈ ಇಟ್ಟುಕೊಂಡವರು ಎಂದೇ ತಿಳಿದು ಬೆಳೆದ ನನಗೆ ಇದು ದೊಡ್ಡ ಮಾತೇ ಆಗಿತ್ತು.

ಈ ಮಾತು ವಾರ್ಡಿನಲ್ಲಿ ಹೇಗೆ ನಡೆಯುತ್ತದೆ ಎಂಬುದಕ್ಕೆ ಮೆಲ್ಬರ್ನ್‌ನ ಆಲ್‌ಫ್ರೆಡ್ ಆಸ್ಪತ್ರೆಯನ್ನು ನೋಡಬೇಕು. ರೋಗಿ ದಾಖಲಾದ ಕೂಡಲೇ ಫಾರ್ಮಸಿಸ್ಟ್ ಹೋಗಿ ಏನೇನು ಮಾತ್ರೆ ನುಂಗುತ್ತಿದ್ದಾರೆಂದು ಕೇಳಿ, ವೈದ್ಯರ ಜೊತೆ ಕೂತು ಮಾತಾಡಿ, ಔಷಧದ ಚಾರ್ಟನ್ನು ತಾವೇ ಬರೆಯುವ ಪದ್ಧತಿಯನ್ನು ಎರಿಕಾ ಟಾಂಗ್ ಮತ್ತು ಅವರ ಸಂಗಡಿಗರು ಅಲ್ಲಿ ರೂಢಿಗೆ ತಂದರು. ಡಿಸ್ಚಾರ್ಜ್ ಸಾರಾಂಶದ ಔಷಧದ ಭಾಗವನ್ನೂ ಫಾರ್ಮಸಿಸ್ಟರೇ ಸಿದ್ಧಪಡಿಸಿದರೆ ಏನಾಗುತ್ತದೆ ಎಂದು ಪರೀಕ್ಷಿಸಿ 2017ರಲ್ಲಿ ಫಲಿತಾಂಶ ಪ್ರಕಟಿಸಿದರು. ಹಳೆಯ ಕ್ರಮದಲ್ಲಿ ಶೇಕಡಾ 61.5 ಸಾರಾಂಶಗಳಲ್ಲಿ ಕನಿಷ್ಠ ಒಂದು ಔಷಧದ ತಪ್ಪಿತ್ತು, ಹೊಸ ಕ್ರಮದಲ್ಲಿ ಅದು ಶೇಕಡಾ 15. ಚಾರ್ಟ್ ಬರೆಯುವ ಪದ್ಧತಿ ಆಮೇಲೆ ವಿಕ್ಟೋರಿಯಾದ ಬೇರೆ ಆಸ್ಪತ್ರೆಗಳಿಗೂ ಹಬ್ಬಿತು. ಯಾವ ನಾಯಕತ್ವದ ಕಮ್ಮಟದಿಂದಲೂ ಇದು ಹುಟ್ಟಿದ್ದಲ್ಲ. ಪೆನ್ನು ಯಾರ ಕೈಯಲ್ಲಿರಬೇಕು ಎಂಬ ಜಗಳವನ್ನು ಮರ್ಯಾದೆಯಿಂದ, ಅಂಕಿಅಂಶ ಮುಂದಿಟ್ಟು ಗೆದ್ದ ಕಥೆ ಇದು.

ಸಿಡ್ನಿಯ ನೆಲ ಬೇರೆ. ಸರ್ಕಾರದ ರಿಯಾಯಿತಿ ಔಷಧ ಯೋಜನೆ ಪಿಬಿಎಸ್ ಅನ್ನು ಸರ್ಕಾರಿ ಆಸ್ಪತ್ರೆಗಳಿಗೂ ತರುವ ಒಪ್ಪಂದಕ್ಕೆ ಮೊದಲು ಬಂದದ್ದು ವಿಕ್ಟೋರಿಯಾ, 2001ರಲ್ಲಿ. ಸಿಡ್ನಿ ಇರುವ ನ್ಯೂ ಸೌತ್ ವೇಲ್ಸ್ ಸಹಿ ಹಾಕಲೇ ಇಲ್ಲ. ಹಾಗಾಗಿ ಮೆಲ್ಬರ್ನ್‌ನಲ್ಲಿ ಮನೆಗೆ ಹೊರಟ ರೋಗಿಯ ಕೈಗೆ ತಿಂಗಳ ಔಷಧ ಸಿಗಬಹುದಾದರೆ, ಸಿಡ್ನಿಯಲ್ಲಿ ಸಾಮಾನ್ಯವಾಗಿ ಕೆಲವೇ ದಿನದ್ದು ಕೊಟ್ಟು ಕಳಿಸುತ್ತಾರೆ. ಎರಡೂ ಊರಲ್ಲಿ ಕೆಲಸ ಮಾಡಿದ ನನಗೆ ಕಂಡದ್ದಿಷ್ಟು: ಹಣದ ದಾರಿ ಎಲ್ಲಿ ಹರಿಯುತ್ತದೋ ಫಾರ್ಮಸಿಸ್ಟರ ಹುದ್ದೆಗಳೂ ಅಲ್ಲೇ ಮೊಳೆಯುತ್ತವೆ. ನಾಲ್ಕನೇ ವಿಭಾಗ ಎರಡು ಊರಿಗೂ ಒಂದೇ. ನೆಲದ ಈ ವ್ಯತ್ಯಾಸದ ಬಗ್ಗೆ ಅದು ತುಟಿ ಪಿಟಕ್ಕೆನ್ನುವುದಿಲ್ಲ.

ಸಿಡ್ನಿಯ ಪಶ್ಚಿಮ ಭಾಗದ ಒಂದು ಆಸ್ಪತ್ರೆಯಲ್ಲಿ ನನ್ನ ಕೈಕೆಳಗೆ ದಾವಣಗೆರೆಯ ಹುಡುಗಿಯೊಬ್ಬಳು ಇಂಟರ್ನ್ ಆಗಿದ್ದಳು. ಮೈಸೂರಿನಲ್ಲಿ ಫಾರ್ಮ್ ಡಿ ಮುಗಿಸಿ, ನಾಲ್ಕು ವರ್ಷ ವಾರ್ಡಿನಲ್ಲಿ ದುಡಿದು ಬಂದವಳು. ಒಂದು ಸಂಜೆ ಮಗನ ಮನೆಗೆಂದು ಬಂದಿದ್ದ ಅಜ್ಜಿಯೊಬ್ಬರು ಎದೆನೋವೆಂದು ದಾಖಲಾದರು. ಮಗ ಫೋನಿನಲ್ಲಿ ಹೇಳಿದ ಪಟ್ಟಿ ನೋಡಿ ವಾರ್ಡಿನ ವೈದ್ಯರಾದ ರಜಿಸ್ಟ್ರಾರ್ ಚಾರ್ಟ್ ಬರೆದಿದ್ದರು: ಆಸ್ಪಿರಿನ್, ಅಟೋರ್‌ವಾಸ್ಟಾಟಿನ್. ಎಲ್ಲ ಸರಿಯಾಗಿಯೇ ಇತ್ತು. ಇವಳು ಹೋಗಿ, "ಅಜ್ಜೀ, ಊರಿಂದ ತಂದಿರೋ ಮಾತ್ರೆ ಎಲ್ಲಿವೆ?" ಎಂದಳು. ದಿಂಬಿನ ಕೆಳಗಿನಿಂದ ಮೆಡಿಕಲ್ ಶಾಪಿನ ಕಂದು ಕವರ್ ಹೊರಬಂತು. ಶೀಟನ್ನು ಕತ್ತರಿಸಿ ಕೊಟ್ಟಿದ್ದರಿಂದ ಹೆಸರಿನ ಬಾಲ ಮಾತ್ರ ಉಳಿದಿತ್ತು: "ಎವಿ 75". "ರಾತ್ರಿ ಊಟ ಆದ್ಮೇಲೆ ಇದೊಂದು ತಗೋತೀನಿ ಕಣಮ್ಮಾ, ಬಿಟ್ಟಿಲ್ಲ." ಎಕೋಸ್ಪ್ರಿನ್ ಎವಿ. ಒಂದೇ ಕ್ಯಾಪ್ಸೂಲಿನಲ್ಲಿ ಆಸ್ಪಿರಿನ್ನೂ ಇದೆ, ಅಟೋರ್‌ವಾಸ್ಟಾಟಿನ್ನೂ ಇದೆ. ನರ್ಸ್ ಕೊಟ್ಟದ್ದು ಒಂದು, ದಿಂಬಿನ ಕೆಳಗಿನದು ಇನ್ನೊಂದು, ಎರಡು ರಾತ್ರಿಯಿಂದ ಅಜ್ಜಿ ಎರಡನ್ನೂ ನುಂಗುತ್ತಿದ್ದರು.

ಅವಳು ರಜಿಸ್ಟ್ರಾರ್‌ಗೆ ಹೇಳಿ ಸುಮ್ಮನಾಗಲಿಲ್ಲ. ಮರುದಿನ ಒಂದು ಹಾಳೆಯಲ್ಲಿ ನಮ್ಮ ಕಡೆಯ ಮಾತ್ರೆಗಳ ಹೆಸರು, ಎದುರಿಗೆ ಒಳಗಿರುವ ಔಷಧದ ಹೆಸರು ಬರೆದು ಔಷಧದ ಕೋಣೆಯಲ್ಲಿ ಅಂಟಿಸಿದಳು: ಗ್ಲೈಕೋಮೆಟ್, ಥೈರೋನಾರ್ಮ್, ಎಕೋಸ್ಪ್ರಿನ್ ಎವಿ. ಎರಡು ವಾರದಲ್ಲಿ ಬೇರೆ ವಾರ್ಡಿನವರು ಅದರ ಪ್ರತಿ ಕೇಳಿಕೊಂಡು ಬಂದರು. ಅವಳ ಮೌಲ್ಯಮಾಪನದ ಫಾರಂನಲ್ಲಿ ನಾಯಕತ್ವದ ಕಾಲಂ ಮಾತ್ರ ಖಾಲಿ ಇತ್ತು. ಯಾವ ಸಮಿತಿಯಲ್ಲೂ ಅವಳು ಕೂತಿರಲಿಲ್ಲವಲ್ಲ!

ನನ್ನ ತಕರಾರು ಇಲ್ಲಿದೆ. ಚೌಕಟ್ಟು ಹೇಳುವ ನಾಯಕತ್ವ ಒಂದು, ಅದನ್ನು ಹಿಡಿದು ಎಣಿಸುವವರು ಎಣಿಸುವುದು ಇನ್ನೊಂದು. ಪ್ರಾಜೆಕ್ಟು, ಪೋಸ್ಟರು, ಸಮಿತಿ ಕಾಗದದ ಮೇಲೆ ಕಾಣುತ್ತವೆ, ಲೆಕ್ಕಕ್ಕೆ ಸಿಗುತ್ತವೆ. ಹೊರಗಿನಿಂದ ಬಂದವರಿಗೆ ಈ ಎಣಿಕೆ ಇನ್ನಷ್ಟು ಬಿಗಿ. ನಮ್ಮವರು ಮೊದಲು ಕ್ಯಾಪ್ಸ್ ಪರೀಕ್ಷೆ ಬರೆಯುತ್ತಿದ್ದರು, 2025ರಿಂದ ಅದರ ಜಾಗಕ್ಕೆ ಓಪ್ರಾ ಬಂದಿದೆ. ಅದಾದ ಮೇಲೆ ಮೇಲ್ವಿಚಾರಣೆಯಲ್ಲಿ ಇಂಟರ್ನ್‌ಶಿಪ್, ಮತ್ತೆ ಬರಹದ ಪರೀಕ್ಷೆ, ಮೌಖಿಕ ಪರೀಕ್ಷೆ. ಕಾನೂನು, ಭಾಷೆ, ಬೇರೆ ವ್ಯವಸ್ಥೆ ಕಲಿಯಲು ಇವು ಬೇಕು, ಒಪ್ಪುತ್ತೇನೆ. ಆದರೆ ಹಳೆಯ ವರ್ಷಗಳನ್ನು ಪೂರ್ತಿ ಅಳಿಸಿ ಇಂಟರ್ನ್‌ಶಿಪ್ಪಿನಿಂದಲೇ ಗಡಿಯಾರ ಶುರು ಮಾಡುವುದು ಬೇರೆ ಮಾತು.

ಇದರಲ್ಲೊಂದು ತಮಾಷೆಯೂ ಇದೆ. ಮೈಸೂರಿನ ಜೆಎಸ್‌ಎಸ್ ಫಾರ್ಮಸಿ ಕಾಲೇಜಿನಲ್ಲಿ 1990ರ ದಶಕದ ಉತ್ತರಾರ್ಧದಲ್ಲಿ ವಾರ್ಡ್ ಆಧಾರಿತ ಫಾರ್ಮಸಿ ಶಿಕ್ಷಣ ಶುರುವಾದಾಗ ಕೈಹಿಡಿದದ್ದು ಅಡಿಲೇಡ್‌ನ ರಿಪ್ಯಾಟ್ರಿಯೇಶನ್ ಜನರಲ್ ಆಸ್ಪತ್ರೆಯವರು. 2004ರಲ್ಲಿ ಬಂದ ಕ್ಲಿನಿಕಲ್ ಫಾರ್ಮಸಿಯ ಪಠ್ಯಪುಸ್ತಕದ ಸಂಪಾದಕರಲ್ಲಿ ಮೈಸೂರಿನ ಜಿ. ಪಾರ್ಥಸಾರಥಿಯವರ ಜೊತೆ ಅಡಿಲೇಡ್‌ನ ಕರಿನ್ ನೈಫೋರ್ಟ್-ಹ್ಯಾನ್ಸನ್ ಇದ್ದಾರೆ. ಆಸ್ಟ್ರೇಲಿಯಾದವರೇ ಬಂದು ಕಲಿಸಿದ ಪಾಠ ಓದಿದ ಹುಡುಗಿ ಆಸ್ಟ್ರೇಲಿಯಾಕ್ಕೆ ಬಂದರೆ ಸೊನ್ನೆಯಿಂದ ಎಣಿಸಿಕೊಳ್ಳಬೇಕು.

1941ರಲ್ಲಿ ಹುಟ್ಟಿದ ಇಲ್ಲಿನ ಆಸ್ಪತ್ರೆ ಫಾರ್ಮಸಿಸ್ಟರ ಸಂಘ 2024ರಲ್ಲಿ ಅಡ್ವಾನ್ಸ್‌ಡ್ ಫಾರ್ಮಸಿ ಆಸ್ಟ್ರೇಲಿಯಾ ಎಂದು ಹೆಸರು ಬದಲಿಸಿಕೊಂಡಿತು. ಅದು ನಡೆಸುವ ಎರಡು ವರ್ಷದ ಫೌಂಡೇಶನ್ ರೆಸಿಡೆನ್ಸಿ, ಈ ಇಡೀ ಏಣಿಯಲ್ಲಿ ನನಗೆ ಹೆಚ್ಚು ಹಿಡಿಸಿದ ಮೆಟ್ಟಿಲು. ಅಲ್ಲಿ ಹಿರಿಯರು ವಾರ್ಡಿನಲ್ಲೇ ಪಕ್ಕದಲ್ಲಿ ನಿಂತು ಕೆಲಸ ನೋಡಿ ತಿದ್ದುತ್ತಾರೆ. ನಮ್ಮ ಹುಡುಗಿ ಈಗ ಮೆಲ್ಬರ್ನ್‌ನಲ್ಲಿ ಅದರ ಮೊದಲ ವರ್ಷದಲ್ಲಿದ್ದಾಳೆ. ಮೊನ್ನೆ ಪೋರ್ಟ್‌ಫೋಲಿಯೊ ತೋರಿಸಲು ಮನೆಗೆ ಬಂದಿದ್ದಳು. ಅಜ್ಜಿಯ ಕವರಿನ ಪ್ರಸಂಗವನ್ನೂ ಆ ಹಾಳೆಯನ್ನೂ ಮೂರನೇ ವಿಭಾಗಕ್ಕೆ ಸೇರಿಸಿದ್ದಳು. "ಔಷಧದ ಕೆಲಸ ತಾನೇ ಅಕ್ಕಾ" ಎಂದಳು. ನಾನು ತೆಗೆಸಿ ನಾಲ್ಕಕ್ಕೆ ಹಾಕಿಸಿದೆ.