ಲಾರಾ ಕ್ರಾಫ್ಟ್: ರೂಪದ ಚರ್ಚೆ, ನಡತೆಯ ಮರೆವು

ವಿಡಿಯೋ ಆಟವೊಂದರ ಪಾತ್ರವನ್ನು ಸಾಹಿತ್ಯದ ಪಾತ್ರದಂತೆಯೇ ಪರಿಶೀಲಿಸಿ ಗುಣದೋಷಗಳನ್ನು ವಿವೇಚಿಸುವ ವಾಡಿಕೆ ನಮ್ಮಲ್ಲಿ ಇನ್ನೂ ಬಲವಾಗಿ ಬೇರೂರಿಲ್ಲ. ಅದು ಮಕ್ಕಳ ಕಾಲಹರಣ, ಅದರಲ್ಲಿ ವಿವೇಚಿಸತಕ್ಕದ್ದೇನಿದೆ ಎಂದು ಹಿರಿಯರು ಉದಾಸೀನ ತಾಳುವುದುಂಟು. ಆದರೆ ಇಂಗ್ಲೆಂಡಿನ ಡರ್ಬಿ ನಗರದಲ್ಲಿ ರೂಪುಗೊಂಡು 1996ರಲ್ಲಿ ಲೋಕದ ಮುಂದೆ ಬಂದ ಲಾರಾ ಕ್ರಾಫ್ಟ್ ಎಂಬ ಸ್ತ್ರೀಪಾತ್ರದ ವಿಷಯದಲ್ಲಿ ಪಾಶ್ಚಾತ್ಯ ವಿದ್ವಾಂಸರೂ ಪತ್ರಕರ್ತರೂ ನಡೆಸಿರುವ ವಾದವಿವಾದ ಸಾಮಾನ್ಯವಾದುದಲ್ಲ. ಆಕೆ ಸ್ವತಂತ್ರ ಸ್ತ್ರೀಯ ಆದರ್ಶವೇ ಅಥವಾ ಪುರುಷರ ಕಣ್ಣಿಗೆಂದು ಸಿಂಗರಿಸಿಟ್ಟ ಗೊಂಬೆಯೇ ಎಂಬುದು ಆ ವಾದದ ತಿರುಳು. ಈ ಪ್ರಶ್ನೆಯನ್ನು ಕೇಳಿದವರಲ್ಲಿ ಬಹುಮಂದಿ ಆಕೆಯ ಆಕಾರವನ್ನು ನೋಡಿದರು, ಉಡುಪನ್ನು ನೋಡಿದರು. ಆಕೆ ಮಾಡುವುದೇನು ಎಂಬುದನ್ನು ಅಷ್ಟಾಗಿ ನೋಡಲಿಲ್ಲ ಎಂಬುದು ನನ್ನ ಅಭಿಪ್ರಾಯ. ಪಾತ್ರವನ್ನು ಅದರ ನಡತೆಯಿಂದ ಅಳೆಯಬೇಕೆಂಬ ಹಳೆಯ ನಿಯಮವನ್ನು ಇಲ್ಲಿಗೂ ಅನ್ವಯಿಸಿದರೆ ಹೊಗಳಿಕೆಯೂ ಬೇರೆಯಾಗುತ್ತದೆ, ತೆಗಳಿಕೆಯೂ ಬೇರೆಯಾಗುತ್ತದೆ.

ಮೊದಲು ಹುಟ್ಟಿನ ಸಂಗತಿ. ಡರ್ಬಿಯ ಕೋರ್ ಡಿಸೈನ್ ಎಂಬ ಸಂಸ್ಥೆಯಲ್ಲಿ ಟೋಬಿ ಗಾರ್ಡ್ ಎಂಬ ತರುಣ ಚಿತ್ರಕಾರರು ನೌಕರಿಯಲ್ಲಿದ್ದರು. ಪ್ರಾಚೀನ ಗೋರಿಗಳನ್ನು ಹೊಕ್ಕು ನಿಧಿ ಅರಸುವ ಸಾಹಸಿಯ ಆಟವೊಂದನ್ನು ಅವರು ಕಲ್ಪಿಸಿದಾಗ ನಾಯಕ ಗಂಡಸೇ ಆಗಿದ್ದ. ಆ ಚಿತ್ರ ಇಂಡಿಯಾನಾ ಜೋನ್ಸ್ ಎಂಬ ಪ್ರಖ್ಯಾತ ಚಲನಚಿತ್ರನಾಯಕನನ್ನು ತೀರ ಹೋಲುತ್ತಿದ್ದುದರಿಂದ ಸಂಸ್ಥೆಯ ಮುಖ್ಯಸ್ಥರಾದ ಜೆರೆಮಿ ಹೀತ್-ಸ್ಮಿತ್ ಅವರಿಗೆ ಮೊಕದ್ದಮೆಯ ಅಂಜಿಕೆ ಹುಟ್ಟಿತು, ಬದಲಾಯಿಸಬೇಕೆಂದರು. ಗಾರ್ಡ್ ಬದಲಾಯಿಸಿ ತಂದದ್ದು ಹೆಣ್ಣನ್ನು. ಕೃತಿಸ್ವಾಮ್ಯದ ಅಂಜಿಕೆಯಿಂದ ನಾಯಿಕೆಯೊಬ್ಬಳು ಅವತರಿಸಿದ ಉದಾಹರಣೆ ಬೇರೊಂದು ಸುಲಭವಾಗಿ ಸಿಕ್ಕಲಾರದು. ಮೊದಲು ಆಕೆಗಿಟ್ಟ ಹೆಸರು ಲೌರಾ ಕ್ರೂಜ್, ದಕ್ಷಿಣ ಅಮೆರಿಕದವಳೆಂಬ ಕಲ್ಪನೆ. ಪ್ರಕಾಶಕರಾದ ಐಡಾಸ್ ಸಂಸ್ಥೆಯವರು ಇಂಗ್ಲಿಷ್ ಕಿವಿಗೆ ಹೊಂದುವ ಹೆಸರನ್ನು ಬಯಸಿದ್ದರಿಂದ ಲಾರಾ ಕ್ರಾಫ್ಟ್ ಆದಳು. ಶ್ರೀಮಂತ ಪ್ರಭುವೊಬ್ಬರ ಮಗಳೂ ಆದಳು.

ಆಟದೊಡನೆ ಬಂದ ಕೈಪಿಡಿಯಲ್ಲಿ ಆಕೆಯ ಪೂರ್ವಕಥೆ ಹೀಗಿದೆ: ಇಪ್ಪತ್ತೊಂದನೆಯ ವಯಸ್ಸಿನಲ್ಲಿ ಆಕೆ ಪ್ರಯಾಣಿಸುತ್ತಿದ್ದ ವಿಮಾನ ಹಿಮಾಲಯದಲ್ಲಿ ಉರುಳಿತು, ಬದುಕಿ ಉಳಿದವಳು ಆಕೆಯೊಬ್ಬಳೇ. ಎರಡು ವಾರ ಏಕಾಂಗಿಯಾಗಿ ಪರ್ವತವನ್ನು ದಾಟಿ ಹಳ್ಳಿಯೊಂದನ್ನು ಸೇರಿದಳು. ಹಿಂದಿರುಗಿದ ಮೇಲೆ ಕುಲೀನ ಸಮಾಜದ ಉಸಿರುಗಟ್ಟಿಸುವ ಬದುಕು ಆಕೆಗೆ ಸಹ್ಯವಾಗಲಿಲ್ಲ, ಮನೆಯವರು ಸಂಬಂಧ ಕಡಿದುಕೊಂಡರು. ಪ್ರವಾಸಗ್ರಂಥಗಳನ್ನು ಬರೆದು ತನ್ನ ಖರ್ಚನ್ನು ತಾನೇ ನಿಭಾಯಿಸಿದಳು. ಮುಂದಿನ ವರ್ಷಗಳಲ್ಲಿ ಈ ಕಥೆಯನ್ನು ಹಲವು ಬಾರಿ ತಿದ್ದಲಾಗಿದೆ. ತಿದ್ದಿದಾಗಲೆಲ್ಲ ಕಳೆದುಹೋದ ತಾಯಿ, ಗತಿಸಿದ ತಂದೆ ಎಂದು ಕಾರಣಗಳನ್ನು ಪೋಣಿಸಿ ಆಕೆಯ ಧೈರ್ಯಕ್ಕೆ ಸಮರ್ಥನೆ ಒದಗಿಸಲಾಯಿತು. ಮೊದಲ ಕಥೆಗೆ ಅಂಥ ಸಮರ್ಥನೆ ಬೇಕಾಗಿರಲಿಲ್ಲ. ಅದು ಮೇಲಾಗಿತ್ತು.

ಇನ್ನು ಆಟದೊಳಗಿನ ನಡತೆ. ಆಟವನ್ನು ಆಡದವರಿಗೆ ಇದನ್ನು ಸ್ವಲ್ಪ ವಿವರಿಸಬೇಕು, ಏಕೆಂದರೆ ಪಾತ್ರದ ಸತ್ತ್ವವೆಲ್ಲ ಇಲ್ಲಿದೆ. ಟೂಂಬ್ ರೇಡರ್ ಎಂಬ ಆ ಮೊದಲ ಆಟದ ಜಗತ್ತು ಸಮಾನ ಅಳತೆಯ ಚೌಕಗಳಿಂದ ಕಟ್ಟಿದ್ದು. ನಿಂತಲ್ಲಿಂದ ಹಾರಿದರೆ ಲಾರಾ ಒಂದು ಚೌಕದಷ್ಟು ಕಂದಕವನ್ನು ದಾಟುತ್ತಾಳೆ. ಓಡಿಬಂದು ಹಾರಿದರೆ ಎರಡು. ಓಡಿ ಹಾರಿ ಎದುರಿನ ಅಂಚನ್ನು ಕೈಯಿಂದ ಹಿಡಿದುಕೊಂಡರೆ ಮೂರು. ಓಟಕ್ಕೆ ಎಡೆ ಬೇಕಾದ್ದರಿಂದ ಅಂಚಿನಿಂದ ಒಂದು ಹೆಜ್ಜೆ ಹಿಂದಕ್ಕೆ ಜಿಗಿದು ಅನಂತರ ಮುನ್ನುಗ್ಗಬೇಕು. ಅಂಚಿನ ಬಳಿ ಓಡುವ ಬದಲು ನಿಧಾನವಾಗಿ ನಡೆಸಿದರೆ ಆಕೆ ಬೀಳುವುದೇ ಇಲ್ಲ, ತುದಿಯಲ್ಲಿ ತಾನಾಗಿ ನಿಲ್ಲುತ್ತಾಳೆ. ಅವಸರಪಟ್ಟವನ ಲಾರಾ ಕಂದಕಕ್ಕೆ ಬಿದ್ದು ಕತ್ತು ಮುರಿದುಕೊಂಡು ಸಾಯುತ್ತಾಳೆ. ಹೀಗಾಗಿ ಆಟಗಾರನು ಗುಹೆಯೊಂದನ್ನು ಹೊಕ್ಕೊಡನೆ ಮಾಡಬೇಕಾದ ಕೆಲಸವೆಂದರೆ ನಿಲ್ಲುವುದು, ಸುತ್ತ ನೋಡುವುದು, ದೂರವನ್ನು ಎಣಿಸುವುದು. ನೇಥನ್ ಮೆಕ್‌ಕ್ರೀ ಅವರ ಸಂಗೀತವೂ ಎಡೆಬಿಡದೆ ಮೊಳಗುವುದಿಲ್ಲ. ಬಹಳ ಹೊತ್ತು ಆಕೆಯ ಹೆಜ್ಜೆಯ ಸಪ್ಪಳ, ನೀರಿನ ಸದ್ದು ಇಷ್ಟೇ. ಮಾತನಾಡಲು ಒಬ್ಬರೂ ಇಲ್ಲ. ಸಹಾಯಕ್ಕೂ ಇಲ್ಲ.

ಈ ಏಕಾಂತ, ಈ ಅಳತೆ, ಈ ಸಾವಧಾನ ಆಕೆಯ ನಿಜವಾದ ಗುಣಗಳು. ಅವು ಆಕೆಯ ರೂಪದಿಂದ ಬಂದವಲ್ಲ; ಆಕೆಯ ದೇಹವಾಗಲಿ ಕೋವಿಯಾಗಲಿ ಕಂದಕ ದಾಟುವ ಲೆಕ್ಕಕ್ಕೆ ನೆರವಾಗುವುದಿಲ್ಲ. ಆಟಗಾರನು ಆಕೆಯ ಬೆನ್ನ ಹಿಂದೆ ನಿಂತು ನೋಡುತ್ತಾನೆ ಎಂಬುದನ್ನು ಕೆಲವರು ಆಕ್ಷೇಪಿಸಿದ್ದಾರೆ. ಆಕ್ಷೇಪಣೆಯಲ್ಲಿ ಹುರುಳಿಲ್ಲದಿಲ್ಲ. ಆದರೂ ಹತ್ತು ನಿಮಿಷ ಆಡಿದವನ ದೃಷ್ಟಿ ಆಕೆಯನ್ನು ಬಿಟ್ಟು ಆಕೆಯ ಮುಂದಿನ ಕಂದಕದ ಮೇಲೆ ನೆಟ್ಟಿರುತ್ತದೆ. ಹಾಗೆ ನೆಡದಿದ್ದರೆ ಆಟ ಮುಂದುವರಿಯದು.

ಆಟದ ಹೊರಗೆ ಮಾರಾಟವಾದದ್ದು ಬೇರೊಂದು ಲಾರಾ. ಜಾಹೀರಾತುಗಳಲ್ಲಿ ಕಂದಕವಿಲ್ಲ, ಅಳತೆಯಿಲ್ಲ, ಏಕಾಂತವಿಲ್ಲ. ಭಂಗಿ ಮಾತ್ರ ಇದೆ. 1997ರ ಜೂನಿನಲ್ಲಿ ದಿ ಫೇಸ್ ಎಂಬ ಬ್ರಿಟಿಷ್ ಪತ್ರಿಕೆಯ ಮುಖಪುಟದಲ್ಲಿ ಆಕೆ ರಾರಾಜಿಸಿದಳು. ಲ್ಯೂಕೋಜೇಡ್ ಎಂಬ ಪಾನೀಯದ ಜಾಹೀರಾತಿಗೂ ಬಂದಳು. ಆಕೆಯ ವೇಷ ತೊಟ್ಟು ಸಮಾರಂಭಗಳಲ್ಲಿ ಕಾಣಿಸಿಕೊಳ್ಳಲು ರೂಪದರ್ಶಿಯರನ್ನು ಒಬ್ಬರಾದ ಮೇಲೊಬ್ಬರಂತೆ ನೇಮಿಸಲಾಯಿತು. ಅಭಿಮಾನಿಗಳೆನಿಸಿಕೊಂಡ ಕೆಲವರು ಆಟದ ಕಡತಗಳನ್ನು ತಿದ್ದಿ ಆಕೆಯನ್ನು ವಿವಸ್ತ್ರಳನ್ನಾಗಿಸುವ ತೇಪೆಯೊಂದನ್ನು ಹಂಚಿದರು. 1999ರಲ್ಲಿ ಐಡಾಸ್ ಅದರ ವಿರುದ್ಧ ವಕೀಲರ ಪತ್ರಗಳನ್ನು ಕಳುಹಿಸಿತು. ಆಕೆಯ ರೂಪವನ್ನೇ ಮುಂದೆ ಹಿಡಿದು ಬಂಡವಾಳ ಮಾಡಿಕೊಂಡವರು, ಇತರರು ಅದೇ ದಾರಿಯಲ್ಲಿ ಇನ್ನೂ ನಾಲ್ಕು ಹೆಜ್ಜೆ ಮುಂದೆ ಹೋದಾಗ ಮಾನದ ಮಾತೆತ್ತಿದ್ದು ವಿಚಾರಾರ್ಹ.

ಇಷ್ಟೆಲ್ಲ ಆಗುವ ಮೊದಲೇ, 1997ರಲ್ಲಿಯೇ, ಗಾರ್ಡ್ ಅವರೂ ಮುಖ್ಯ ಪ್ರೋಗ್ರಾಮರ್ ಆಗಿದ್ದ ಪಾಲ್ ಡಗ್ಲಸ್ ಅವರೂ ಕೋರ್ ಡಿಸೈನನ್ನು ತೊರೆದಿದ್ದರು. ಪಾತ್ರದ ಮೇಲಿನ ಹಿಡಿತ ತಮ್ಮ ಕೈತಪ್ಪಿದ್ದು, ಆಕೆಯನ್ನು ಪ್ರಚಾರಕ್ಕೆ ಬಳಸಿಕೊಳ್ಳುತ್ತಿದ್ದ ರೀತಿ, ಇವು ಗಾರ್ಡ್ ಅವರ ಅಸಮಾಧಾನಕ್ಕೆ ಕಾರಣವಾದವು. ಆಟದ ಯಶಸ್ಸು ಉತ್ತುಂಗಕ್ಕೇರುತ್ತಿದ್ದ ಕಾಲದಲ್ಲಿ ಮುಂದೆ ಬರಬಹುದಾಗಿದ್ದ ಗಳಿಕೆಯನ್ನು ಬಿಟ್ಟು ಎದ್ದುಹೋಗುವುದು ಹಗುರವಾದ ಕೆಲಸವಲ್ಲ. ಬ್ರಿಸ್ಟಲ್‌ನಲ್ಲಿ ಸ್ವಂತ ಸಂಸ್ಥೆ ಕಟ್ಟಿ ಅವರು ತಯಾರಿಸಿದ ಗ್ಯಾಲಿಯನ್ ಎಂಬ ಆಟ ಹೊರಬರುವುದಕ್ಕೆ 2004ರವರೆಗೆ ಕಾಯಬೇಕಾಯಿತು. ಅದು ಹೆಸರು ಮಾಡಲಿಲ್ಲ. ಕಾನೂನಿನ ದೃಷ್ಟಿಯಲ್ಲಿ ಸಂಸ್ಥೆಯ ಕಡೆ ತಪ್ಪಿಲ್ಲ. ಸಂಬಳ ಪಡೆದವನು ರಚಿಸಿದ್ದು ಸಂಬಳ ಕೊಟ್ಟವನ ಆಸ್ತಿ. ಲೆಕ್ಕದ ಪುಸ್ತಕದಲ್ಲಿ ಪಾತ್ರದ ಸುನಾಮವೂ ಒಂದು ಬಾಬತ್ತು. ಆದರೆ ಪುಸ್ತಕದಲ್ಲಿ ಬಾಬತ್ತಾಗಿ ಬರೆದುಕೊಂಡ ಸುನಾಮವನ್ನು ಕಾಯುವ ಹೊಣೆ ಯಾವ ಪುಟದಲ್ಲಿ ನಮೂದಾಗಿತ್ತು?

ವಿಮರ್ಶಕರ ಕಡೆಗೆ ಬರೋಣ. ಹೆಲೆನ್ ಕೆನೆಡಿ ಎಂಬ ಬ್ರಿಟಿಷ್ ವಿದುಷಿ 2002ರಲ್ಲಿ ಗೇಮ್ ಸ್ಟಡೀಸ್ ಎಂಬ ವಿದ್ವತ್ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಬಂಧ ಈ ಚರ್ಚೆಯಲ್ಲಿ ಬಹಳ ಉಲ್ಲೇಖಗೊಂಡಿದೆ. ಆಕೆ ಸ್ತ್ರೀವಾದದ ಪ್ರತೀಕವೋ ಅಥವಾ ಗಣಕಯಂತ್ರದ ಬೆಡಗಿಯೋ ಎಂಬುದೇ ಆ ಪ್ರಬಂಧದ ಶೀರ್ಷಿಕೆಯ ಪ್ರಶ್ನೆ. ಕೆನೆಡಿ ಅವರು ಸುಲಭವಾದ ಉತ್ತರವನ್ನು ಕೊಡುವವರಲ್ಲ. ಗಂಡಸರ ಆಟಿಕೆಯೆಂದು ತಯಾರಾದ ವಸ್ತುವಿನಲ್ಲಿಯೂ ಹೆಂಗಸರು ತಮ್ಮದೇ ಆದ ಸುಖವನ್ನು ಕಂಡುಕೊಂಡಿರಬಹುದು, ಆಡುವ ಗಂಡಸು ಹೆಣ್ಣಿನ ದೇಹದೊಳಗಿಂದ ಜಗತ್ತನ್ನು ಎದುರಿಸುವುದರಲ್ಲಿಯೂ ಏನೋ ಹೊಸದಿದೆ ಎಂಬ ಸೂಕ್ಷ್ಮಗಳನ್ನು ಗುರುತಿಸುತ್ತಾರೆ. ಆದರೆ ಸಾಮಾನ್ಯ ಪತ್ರಿಕೆಗಳಲ್ಲಿ ನಡೆದ ಚರ್ಚೆ ಈ ಸೂಕ್ಷ್ಮಕ್ಕೆ ಇಳಿಯಲಿಲ್ಲ. ಹೊಗಳಿದವರು ಆಕೆಯ ಕೈಯ ಎರಡು ಪಿಸ್ತೂಲುಗಳನ್ನು ಕಂಡು ಸಬಲೆಯೆಂದರು. ತೆಗಳಿದವರು ಉಬ್ಬಿಸಿದ ಎದೆಯನ್ನು ಕಂಡು ಅಬಲೆಗಿಂತ ಕೀಳೆಂದರು. ಎರಡೂ ಭಂಗಿಯ ವಿಮರ್ಶೆ.

ಪಿಸ್ತೂಲಿನ ಮಾತು ಬಂತು. ನಡತೆಯಿಂದ ಅಳೆಯುತ್ತೇವೆಂದು ಹೊರಟ ಮೇಲೆ ಮೆಚ್ಚಿಕೆಯ ಅಂಶವನ್ನು ಮಾತ್ರ ಎಣಿಸಿ ಉಳಿದದ್ದನ್ನು ಮುಚ್ಚಿಡುವುದು ನ್ಯಾಯವಲ್ಲ. ಮೊದಲ ಆಟದಲ್ಲಿ ಲಾರಾಳ ಗುಂಡಿಗೆ ಬಲಿಯಾಗುವ ಮನುಷ್ಯರು ಬೆರಳೆಣಿಕೆಯವರು. ಬಹುಪಾಲು ಬಲಿ ಪ್ರಾಣಿಗಳು: ಪೆರುವಿನ ಗುಹೆಗಳಲ್ಲಿ ತೋಳ, ಕರಡಿ, ಬಾವಲಿ; ಗ್ರೀಸಿನ ಅವಶೇಷಗಳಲ್ಲಿ ಸಿಂಹ, ಮೊಸಳೆ, ಗೊರಿಲ್ಲ. ಮರೆತ ಕಣಿವೆಯೊಂದರಲ್ಲಿ ಕೊನೆಯದಾಗಿ ಉಳಿದಿದ್ದ ಮಹಾಸರೀಸೃಪವನ್ನು ಕೊಲ್ಲುವುದೇ ಆಟದ ಅತ್ಯಂತ ಪ್ರಸಿದ್ಧ ಘಟ್ಟ. ಅದು ಲೋಕದಲ್ಲಿ ಉಳಿದ ಕೊನೆಯ ಜೀವವಿರಬಹುದೆಂಬ ಯೋಚನೆ ಆಟಕ್ಕೆ ಬರುವುದಿಲ್ಲ. ಪ್ರಾಣಿಗಳು ಕಂಡೊಡನೆ ಮೇಲೆರಗುವಂತೆ ಅವನ್ನು ರಚಿಸಿರುವುದರಿಂದ ಆಟಗಾರನ ಮನಸ್ಸಿಗೆ ಅಳುಕು ತಟ್ಟದು. ಬೇರೆ ಪ್ರಾಣಿಯ ಮನೆಗೆ ಕೋವಿ ಹಿಡಿದು ನುಗ್ಗಿದವಳು ಆಕೆ, ಅವುಗಳಲ್ಲ. ಕಂದಕದ ಅಂಚಿನಲ್ಲಿ ಅಷ್ಟು ಸಾವಧಾನವನ್ನು ಕಲಿಸುವ ಆಟ ಜೀವದ ಮುಂದೆ ಎಳ್ಳಷ್ಟೂ ಸಾವಧಾನವನ್ನು ಕಲಿಸುವುದಿಲ್ಲ. ಅಲ್ಲಿ ಗುರಿಯನ್ನು ಕೂಡ ಯಂತ್ರವೇ ಹಿಡಿಯುತ್ತದೆ.

ಭಾರತಕ್ಕೂ ಆಕೆಗೂ ನಂಟಿದೆ. ಮೊದಲ ಆಟದಲ್ಲಿ ಆಕೆಯನ್ನು ನಾವು ಮೊದಲು ಕಾಣುವುದು ಕಲ್ಕತ್ತೆಯ ಹೋಟೆಲೊಂದರಲ್ಲಿ. 1998ರ ಮೂರನೆಯ ಆಟ ಭಾರತದ ಕಾಡಿನಲ್ಲಿಯೇ ತೊಡಗಿ, ಹಾಳು ದೇಗುಲವನ್ನೂ ಗಂಗಾನದಿಯನ್ನೂ ಹಾದು ಕಾಳಿಯನ ಹೆಸರಿನ ಗುಹೆಗಳಲ್ಲಿ ಮೊದಲ ಖಂಡವನ್ನು ಮುಗಿಸುತ್ತದೆ. ಹುಲಿಗಳೂ ನಾಗರಗಳೂ ಗುಂಡಿಗೆ ಸಿಕ್ಕುತ್ತವೆ. ಆರು ತೋಳಿನ ದೇವಪ್ರತಿಮೆಗಳು ಜೀವ ತಳೆದು ಕತ್ತಿ ಬೀಸುತ್ತವೆ, ಅವನ್ನೂ ಗುಂಡಿಟ್ಟು ಕೆಡವಬೇಕು. ಪೂಜೆಗೊಂಡ ಮೂರ್ತಿ ಇಲ್ಲಿ ಕಾವಲು ರಾಕ್ಷಸ. ಈ ಕೃತಿಯ ಹೆಸರೇ ಗೋರಿಗಳನ್ನು ಕೊಳ್ಳೆಹೊಡೆಯುವವರೆಂಬ ಅರ್ಥದ್ದು. ಎರಡನೆಯ ಆಟದ ಕೊನೆಗೆ ಚೀನದ ಪುರಾತನ ಕಠಾರಿ ಇಂಗ್ಲೆಂಡಿನಲ್ಲಿರುವ ಆಕೆಯ ಸ್ವಂತ ಬಂಗಲೆಯನ್ನು ಸೇರುತ್ತದೆ. ಸಾಂಸ್ಕೃತಿಕ ವಸ್ತುಗಳ ಅಕ್ರಮ ಸಾಗಣೆಯನ್ನು ತಡೆಯುವ ಯುನೆಸ್ಕೋ ಒಪ್ಪಂದ 1970ರದು. ಬ್ರಿಟನ್ ಅದನ್ನು ಅಂಗೀಕರಿಸಿದ್ದು 2002ರಲ್ಲಿ, ಎಂದರೆ ಲಾರಾಳ ಐದು ಆಟಗಳು ಬಂದಾದ ಮೇಲೆ. ಆಕೆಯ ಚೆಡ್ಡಿಯ ಅಳತೆಯ ಬಗ್ಗೆ ಅಷ್ಟೊಂದು ಶಾಯಿ ಖರ್ಚು ಮಾಡಿದವರು ಆಕೆಯ ಚೀಲದೊಳಗೆ ಏನಿದೆ ಎಂದು ಇಣುಕಿ ನೋಡಿದ್ದು ಕಡಿಮೆ.

ತಯಾರಕರಿಗೆ ಈ ಅಳುಕು ತಡವಾಗಿಯಾದರೂ ತಟ್ಟಿತು. 2003ರ ಆಟ ಸೋತ ಮೇಲೆ ಪಾತ್ರ ಡರ್ಬಿಯಿಂದ ಕ್ಯಾಲಿಫೋರ್ನಿಯಾದ ಕ್ರಿಸ್ಟಲ್ ಡೈನಾಮಿಕ್ಸ್ ಸಂಸ್ಥೆಯ ಕೈಗೆ ಹೋಯಿತು. ಅಲ್ಲಿಗೆ ಗಾರ್ಡ್ ಅವರೂ ಮರಳಿ ಬಂದರು. 2007ರಲ್ಲಿ ಮೊದಲ ಆಟವನ್ನು ಹೊಸದಾಗಿ ರಚಿಸಿದಾಗ, ಲಾರ್ಸನ್ ಎಂಬ ಎದುರಾಳಿಯನ್ನು ಕೊಂದ ಲಾರಾ ತನ್ನ ಕೈಯ ಕೃತ್ಯವನ್ನು ಕಂಡು ತತ್ತರಿಸುವ ದೃಶ್ಯವೊಂದನ್ನು ಸೇರಿಸಲಾಯಿತು. 1996ರ ಆವೃತ್ತಿಯಲ್ಲಿ ಆ ಸಾವಿಗೆ ಅಂಥ ಕಂಪನವಿರಲಿಲ್ಲ. ಇಡೀ ಮಾಲೆಯಲ್ಲಿ ನನಗೆ ಅತ್ಯಂತ ಗೌರವಾರ್ಹವಾಗಿ ಕಾಣುವ ತಿದ್ದುಪಡಿ ಇದು. ಆದರೆ ಅದೇ ಆಟದಲ್ಲಿ ಅಷ್ಟರೊಳಗೆ ಸತ್ತ ತೋಳ ಕರಡಿಗಳಿಗೆ ಕಂಪನವಿಲ್ಲ.

2013ರಲ್ಲಿ ರಿಯಾನಾ ಪ್ರಾಚೆಟ್ ಅವರು ಮುಖ್ಯ ಬರಹಗಾರ್ತಿಯಾಗಿ ಕಥೆಯನ್ನು ಮೊದಲಿನಿಂದ ಹೇಳಿದರು. ಲಾರಾ ಈಗ ಹಡಗೊಡೆದು ದ್ವೀಪವೊಂದರಲ್ಲಿ ಸಿಕ್ಕಿಬಿದ್ದ ತರುಣಿ. ಅಂಗಸೌಷ್ಠವ ಸಹಜವಾಗಿದೆ, ಉಡುಪು ಮಳೆಗೆ ಚಳಿಗೆ ತಕ್ಕುದಾಗಿದೆ. ರೂಪದ ಆಕ್ಷೇಪಣೆಗಳಿಗೆಲ್ಲ ಉತ್ತರ ದೊರೆಯಿತೆನ್ನಬಹುದು. ಆದರೆ ಆಟ ಬರುವ ಮೊದಲೇ, 2012ರಲ್ಲಿ, ನಿರ್ಮಾಪಕರಲ್ಲೊಬ್ಬರು ಆಟಗಾರರಿಗೆ ಆಕೆಯನ್ನು ಕಾಪಾಡಬೇಕೆನಿಸುತ್ತದೆ ಎಂಬರ್ಥದ ಮಾತನಾಡಿ ಟೀಕೆಗೆ ಗುರಿಯಾದರು. ಟೀಕೆ ಸರಿಯಾಗಿತ್ತು. 1996ರ ಲಾರಾಳನ್ನು ಯಾರೂ ಕಾಪಾಡಬೇಕಾಗಿರಲಿಲ್ಲ; ಲೆಕ್ಕ ತಪ್ಪದಂತೆ ಹಾರಿಸಿದರೆ ಸಾಕಿತ್ತು. ಹೊಸ ಆಟದಲ್ಲಿ ಆಕೆ ಹಸಿವಿಗಾಗಿ ಜಿಂಕೆಯೊಂದನ್ನು ಕೊಲ್ಲುವಾಗ ನೊಂದುಕೊಳ್ಳುತ್ತಾಳೆ, ಮೊದಲ ಮನುಷ್ಯನನ್ನು ಕೊಂದಾಗ ಕುಸಿಯುತ್ತಾಳೆ. ಅನಂತರ ಗಂಟೆ ಕಳೆಯುವುದರೊಳಗೆ ಮನುಷ್ಯರನ್ನು ಸಾಲುಸಾಲಾಗಿ ಕೆಡವುತ್ತಾಳೆ. ದೇಹದ ಅಳತೆ ತಗ್ಗಿತು, ಹೆಣಗಳ ಲೆಕ್ಕ ಏರಿತು. ವಿಮರ್ಶೆಯು ರೂಪದ ಮೇಲೆಯೇ ಕಣ್ಣಿಟ್ಟಿದ್ದರಿಂದ ತಯಾರಕರು ತಿದ್ದಿದ್ದೂ ಮುಖ್ಯವಾಗಿ ರೂಪವನ್ನೇ.

ಆಸ್ತಿಯ ದೃಷ್ಟಿಯಿಂದ ಪಾತ್ರ ಮತ್ತೆ ಮತ್ತೆ ಕೈ ಬದಲಾಯಿಸಿದೆ. 2009ರಲ್ಲಿ ಐಡಾಸ್ ಜಪಾನಿನ ಸ್ಕ್ವೇರ್ ಎನಿಕ್ಸ್ ಸಂಸ್ಥೆಯ ಪಾಲಾಯಿತು; 2022ರಲ್ಲಿ ಸ್ವೀಡನ್ನಿನ ಎಂಬ್ರೇಸರ್ ಸಮೂಹ ಕ್ರಿಸ್ಟಲ್ ಡೈನಾಮಿಕ್ಸ್ ಮೊದಲಾದ ಸ್ಟುಡಿಯೋಗಳನ್ನೂ ಈ ಪಾತ್ರದ ಹಕ್ಕನ್ನೂ ಒಟ್ಟಾಗಿ 30 ಕೋಟಿ ಡಾಲರಿಗೆ ಕೊಂಡಿತು. 2024ರ ಫೆಬ್ರವರಿ 14ರಂದು ಮೊದಲ ಮೂರು ಆಟಗಳು ಹೊಸ ಹೊಳಪಿನೊಡನೆ ಮರಳಿ ಮಾರುಕಟ್ಟೆಗೆ ಬಂದವು. ಆರಂಭದಲ್ಲಿ ಒಂದು ಸೂಚನೆಯಿದೆ: ಕೆಲವು ಜನಾಂಗಗಳನ್ನೂ ಸಂಸ್ಕೃತಿಗಳನ್ನೂ ಪೂರ್ವಗ್ರಹದಿಂದ ಚಿತ್ರಿಸಿರುವುದು ಹಾನಿಕರ, ಅಕ್ಷಮ್ಯ, ಆದರೂ ಮರೆಮಾಚದೆ ಇದ್ದಂತೆಯೇ ಉಳಿಸಿದ್ದೇವೆ ಎಂಬ ಭಾವದ್ದು. ಸೂಚನೆಯನ್ನು ದಾಟಿ ಮೂರನೆಯ ಆಟವನ್ನು ತೆರೆದರೆ ಭಾರತದ ಆ ಕಾಡು ಹಾಗೆಯೇ ಇದೆ. ಇಳಿಜಾರನ್ನು ಜಾರಿ ಕೆಳಗಿಳಿದ ಲಾರಾ ನಿಲ್ಲುತ್ತಾಳೆ, ಪೊದೆಯಿಂದ ಹುಲಿ ಬರುತ್ತದೆ.