ಆದವಾನಿಯ ಬಿಸಿಲಲ್ಲಿ ನಾರ್ವೆಯ ಹಿಮ

ಏಪ್ರಿಲ್‌ನಲ್ಲಿ ಆದವಾನಿಯ ಕೋಟೆಗುಡ್ಡದ ಬಂಡೆಗಳು ರಾತ್ರಿ ಊಟದ ಹೊತ್ತಿಗೂ ಆರಿರುವುದಿಲ್ಲ. ಅಂಥ ದಿನಗಳ ಮಧ್ಯಾಹ್ನ ಕಿಟಕಿಗೆ ಒದ್ದೆ ಪಂಚೆ ಕಟ್ಟಿ ನಾನು ಓದುವುದು ನಾರ್ವೆಯ ಪತ್ತೇದಾರಿ ಕಾದಂಬರಿಗಳನ್ನು, ಇಂಗ್ಲಿಷ್ ಅನುವಾದದಲ್ಲಿ. ಅಲ್ಲಿಯವರೂ ಹೆಚ್ಚುಕಡಿಮೆ ಇದೇ ಕಾಲಕ್ಕೆ, ಈಸ್ಟರ್ ರಜೆಗೆ ಬೆಟ್ಟದ ಮನೆಗಳಿಗೆ ಹೋಗಿ ಇಂಥವನ್ನೇ ಓದುತ್ತಾರೆ. 1923ರಲ್ಲಿ ಬರ್ಗೆನ್ ರೈಲು ದರೋಡೆಯ ಕಾದಂಬರಿಯೊಂದರ ಜಾಹೀರಾತು ಪತ್ರಿಕೆಯ ಮುಖಪುಟದಲ್ಲಿ ಸುದ್ದಿಯಂತೆ ಅಚ್ಚಾಗಿ, ಜನ ನಿಜವೆಂದೇ ನಂಬಿದರಂತೆ. ಈಸ್ಟರ್ ಓದಿನ ರೂಢಿ ಅಲ್ಲಿಂದ ಬೆಳೆಯಿತು. ಮುಂಬಯಿ–ಮದರಾಸು ರೈಲಿನ ಕೂಗು ಕೇಳುತ್ತ ಬೆಳೆದ ನನಗೆ ಆ ಕತೆ ಬಹಳ ಹತ್ತಿರ.

ಈ ಕಾದಂಬರಿಗಳಲ್ಲಿ ಯೂ ನೆಸ್ಬೊ ಅವರ ಪತ್ತೇದಾರ ಹ್ಯಾರಿ ಹೂಲೆ ಹೆಸರುವಾಸಿ. ಅವನನ್ನು ಇಂಗ್ಲಿಷಿಗೆ ತಂದ ಡಾನ್ ಬಾರ್ಟ್ಲೆಟ್ ಅವರನ್ನೂ ಅಷ್ಟೇ ಗೌರವದಿಂದ ನೆನೆಯಬೇಕು. ಹ್ಯಾರಿಯ 1997ರ ಮೊದಲ ಕಾದಂಬರಿ ಇಂಗ್ಲಿಷಿಗೆ ಬಂದದ್ದು 2012ರಲ್ಲಿ. ಐದನೆಯದು 2005ರಲ್ಲೇ ಬಂದಿತ್ತು. ಹಾಗಾಗಿ ನಾವು ಅವನ ಗಾಯಗಳನ್ನು ಮೊದಲು ನೋಡಿ, ಏಟು ಬಿದ್ದದ್ದನ್ನು ಆಮೇಲೆ ಓದಿದೆವು.

ಆದರೆ ನನ್ನ ಮನಸ್ಸು ಒಲಿದದ್ದು ಕರಿನ್ ಫೋಸುಮ್ ಅವರಿಗೆ. ಅವರ ‘ಡೋಂಟ್ ಲುಕ್ ಬ್ಯಾಕ್’ನಲ್ಲಿ ಹುಡುಗಿಯೊಬ್ಬಳು ಸತ್ತಾಗ ಇಡೀ ಊರು ನಲುಗುತ್ತದೆ. ಇನ್‌ಸ್ಪೆಕ್ಟರ್ ಸೇಯರ್ ಮನೆಮನೆಗೆ ಹೋಗಿ, ಕೂತು, ತಾಳ್ಮೆಯಿಂದ ಕೇಳಿಸಿಕೊಳ್ಳುತ್ತಾನೆ. ಫೋಸುಮ್ ಅವರ ಕೊಲೆಗಾರರು ರಾಕ್ಷಸರಲ್ಲ, ನಮ್ಮ ಓಣಿಯವರಂಥವರೇ. ಹೆತ್ತವರ ಸಂಕಟಕ್ಕೆ ಇಷ್ಟು ಪುಟ ಕೊಟ್ಟ ಪತ್ತೇದಾರಿ ಲೇಖಕರನ್ನು ನಾನು ಬೇರೆ ಕಾಣೆ.