ಕೊಟ್ಟವರ ಕೈಯಲ್ಲೇ ಉಳಿದ ರಾಜ್ಯಾಂಗ: ಬರೋಡಾ ಧಾರಾಸಭೆಯ ಮೌಲ್ಯಮಾಪನ

ವಡೋದರವನ್ನು ರಾಜಧಾನಿಯಾಗಿ ಹೊಂದಿದ್ದ ಬರೋಡಾ ಸಂಸ್ಥಾನದಲ್ಲಿ ಮೂರನೆಯ ಸಯಾಜಿರಾವ್ ಗಾಯಕವಾಡರು 1908ರಲ್ಲಿ ಸ್ಥಾಪಿಸಿದ ಧಾರಾಸಭೆ, ಅಂದರೆ ಕಾನೂನಿನ ಕರಡುಗಳನ್ನು ಚರ್ಚಿಸುವ ಶಾಸನಸಭೆ, ದೇಶೀಯ ಸಂಸ್ಥಾನಗಳ ರಾಜ್ಯಾಂಗ ಪ್ರಯೋಗಗಳಲ್ಲಿ ಗಂಭೀರ ಪರಿಶೀಲನೆಗೆ ಅರ್ಹವಾದುದು. ಏಕೆಂದರೆ ಅದರ ಹುಟ್ಟು ಮತ್ತು ಅದರ ದೌರ್ಬಲ್ಯ ಎರಡಕ್ಕೂ ಅರಸನ ಇಚ್ಛೆಯೊಂದೇ ಮೂಲವಾಗಿತ್ತು.

ಸಯಾಜಿರಾಯರ ದೊಡ್ಡತನ ಪ್ರಶ್ನಾತೀತ. 1893ರಲ್ಲಿ ಅಮ್ರೇಲಿಯಲ್ಲಿ ಪ್ರಯೋಗವಾಗಿ ಆರಂಭಿಸಿದ ಕಡ್ಡಾಯ ಪ್ರಾಥಮಿಕ ಶಿಕ್ಷಣವನ್ನು ಅವರು 1906ರಲ್ಲಿ ಇಡೀ ಸಂಸ್ಥಾನಕ್ಕೆ ವಿಸ್ತರಿಸಿದರು. ಬಾಲ್ಯವಿವಾಹ ತಡೆಯುವ ಕಾನೂನು 1904ರಲ್ಲೇ ಬಂದಿತ್ತು. ಆದರೆ ಈ ಎರಡೂ ಧಾರಾಸಭೆ ಹುಟ್ಟುವ ಮೊದಲಿನವು ಎಂಬುದನ್ನು ಬರೋಡಾವನ್ನು ಹೊಗಳುವವರು ಸಾಮಾನ್ಯವಾಗಿ ಗಮನಿಸುವುದಿಲ್ಲ. ಸುಧಾರಣೆಗೆ ಸಭೆಯ ಅಗತ್ಯವೇ ಬೀಳದಿದ್ದ ರಾಜ್ಯದಲ್ಲಿ ಸಭೆ ಸಲಹೆ ನೀಡುವ ಸ್ಥಳವಾಯಿತೇ ಹೊರತು ಅಧಿಕಾರದ ಸ್ಥಾನವಾಗಲಿಲ್ಲ. ರಂಗಾಚಾರ್ಲು ಅವರು 1881ರಲ್ಲಿ ಆರಂಭಿಸಿದ ಮೈಸೂರಿನ ಪ್ರಜಾಪ್ರತಿನಿಧಿ ಸಭೆಯನ್ನು ಬಲ್ಲ ಕನ್ನಡಿಗರಿಗೆ ಈ ಕೊರತೆ ಅಪರಿಚಿತವಲ್ಲ.

ದಿವಾನ ವಿ.ಟಿ. ಕೃಷ್ಣಮಾಚಾರಿ ಅವರ ಕಾಲದಲ್ಲಿ, ಸಯಾಜಿರಾಯರ ಉತ್ತರಾಧಿಕಾರಿ ಪ್ರತಾಪಸಿಂಹರಾಯರ ಆಳ್ವಿಕೆಯಲ್ಲಿ, 1940ರ ಬರೋಡಾ ಸರ್ಕಾರ ಕಾಯಿದೆ ಜಾರಿಗೆ ಬಂದು ಸಭೆಯನ್ನು ಹಿಗ್ಗಿಸಿತು. ಆದರೂ ಹೊಣೆಗಾರ ಸರ್ಕಾರ, ಎಂದರೆ ಶಾಸನಸಭೆಯ ವಿಶ್ವಾಸ ಕಳೆದುಕೊಂಡರೆ ಅಧಿಕಾರ ಬಿಡಬೇಕಾದ ಮಂತ್ರಿಮಂಡಲ, ಅದರಲ್ಲಿ ಇರಲಿಲ್ಲ. ಬ್ರಿಟಿಷ್ ಆಡಳಿತದಲ್ಲಿದ್ದ ಅಹಮದಾಬಾದ್ ಮತ್ತು ಸೂರತ್ ಜಿಲ್ಲೆಗಳ ಮತದಾರರು, ಗವರ್ನರನ ವಿಶೇಷಾಧಿಕಾರಗಳ ಮಿತಿಯೊಳಗೇ ಆದರೂ, 1937ರಲ್ಲಿ ಅಂಥ ಮಂತ್ರಿಮಂಡಲವನ್ನು ಮುಂಬಯಿ ಪ್ರಾಂತದಲ್ಲಿ ಕಂಡಿದ್ದರು. ಮರುವರ್ಷ ಸೂರತ್ ಜಿಲ್ಲೆಯ ಹರಿಪುರದಲ್ಲಿ ಸೇರಿದ ಕಾಂಗ್ರೆಸ್ ಅಧಿವೇಶನ ಸಂಸ್ಥಾನಗಳ ಪ್ರಜೆಗಳಿಗೂ ಅದೇ ಹಕ್ಕು ಸಲ್ಲಬೇಕೆಂದು ಸಾರಿತ್ತು. ಎರಡು ವರ್ಷಗಳ ನಂತರವೂ ಅದನ್ನು ತಡೆಹಿಡಿದ ಕಾಯಿದೆಯನ್ನು ಎಚ್ಚರಿಕೆಯ ಸುಧಾರಣೆ ಎಂದು ಸಮರ್ಥಿಸುವುದು ಕಷ್ಟ. ಅದು ಕಾಲವನ್ನು ತಪ್ಪಿಸಿಕೊಂಡ ಕಾಯಿದೆ.

ಅದರ ಬೆಲೆ ಸ್ವಾತಂತ್ರ್ಯಾನಂತರ ತಿಳಿಯಿತು. ಪ್ರತಾಪಸಿಂಹರಾಯರು ರಾಜ್ಯದ ಖಜಾನೆಯಿಂದ ಭಾರಿ ಮೊತ್ತಗಳನ್ನು ಪಡೆದಿದ್ದರೆಂಬುದು ಹೊರಬಿದ್ದಾಗ, ಬೊಕ್ಕಸದ ಬೀಗದಕೈ ಸಭೆಯ ಕೈಗೆ ಎಂದೂ ಬಂದಿರಲಿಲ್ಲ ಎಂಬುದು ಸ್ಪಷ್ಟವಾಯಿತು. ಮೈಸೂರಿನ ಪ್ರಜೆಗಳು ಚಳವಳಿ ನಡೆಸಿ 1947ರ ಅಕ್ಟೋಬರಿನಲ್ಲಿ ಕೆ.ಸಿ. ರೆಡ್ಡಿ ಅವರ ಮಂತ್ರಿಮಂಡಲವನ್ನು ಪಡೆದರೆ, ಬರೋಡಾದಲ್ಲಿ ಜೀವರಾಜ ಮೆಹ್ತಾ ಅವರ ಜನಪ್ರತಿನಿಧಿ ಸರ್ಕಾರ ಬರಲು 1948 ಆಗಬೇಕಾಯಿತು. 1949ರ ಮೇ 1ರಂದು ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾದಾಗ ಆ ಸರ್ಕಾರಕ್ಕೆ ಒಂದು ವರ್ಷವೂ ತುಂಬಿರಲಿಲ್ಲ.